ಮುಕ್ಕಾಲು

ಬೆಂಡಿಗೋ ಊರಿನ ಹಳೆ ಗಣಿದಿಬ್ಬದ ಬೆನ್ನಿಗೆ ತಗಡಿನ ಶೆಡ್ಡು.
ಪ್ಯಾಸ್ಕೋ ಮುದುಕ ಕನ್ನಡಕ ಹಣೆಗೇರಿಸಿ
ನನ್ನ ಕ್ಯಾಮ್‌ಶಾಫ್ಟನ್ನು ಎರಡು ಮರದ ತುಂಡಿನ ಮೇಲೆ
ಎಳೆಗೂಸಿನ ಹಾಗೆ ಮಲಗಿಸಿದ.
ಹದಿನಾರು ಉಬ್ಬು. ಉಗುರಿನಲ್ಲಿ ಒಂದೊಂದೇ ಸವರಿ
ಹನ್ನೊಂದನೆಯದರ ಮೇಲೆ ನಿಂತ.
"ಇದು ಸವೆದಿದೆ. ಯಾರು ಓಡಿಸುತ್ತಿದ್ದರು?"

ವರ್ನಾ ಚಿಕ್ಕಮ್ಮ. ನಲವತ್ತೆಂಟರ ಫೋರ್ಡ್ ಯೂಟ್ ಗಾಡಿ,
ಹಿಂದೆ ಮೊಟ್ಟೆಯ ಟ್ರೇ, ಮುಂದೆ ಚಪ್ಪಟೆ ತಲೆಯ ವಿ-ಎಂಟು.
ಒಂದು ಮೊಟ್ಟೆ ಒಡೆದರೂ ವಹಿಯಲ್ಲಿ ಬರೆಯುತ್ತಿದ್ದವಳು
ಎಣ್ಣೆ ಬದಲಿಸುವುದನ್ನು ಮಾತ್ರ ಮರೆಯುತ್ತಿದ್ದಳು.

ತಮ್ಮ ಲೈಲ್‌ಗೆ ಪೂರ್ತಿ ರೇಸ್ ಕ್ಯಾಮೇ ಬೇಕು.
ಕೆಂಪು ದೀಪಕ್ಕೆ ನಿಂತಾಗ ಗಾಡಿ
ಲಡಕ್, ಲಡಕ್ ಎಂದು ಮೈ ಕುಲುಕಬೇಕು,
ಎದುರಿನ ಕಾಫಿ ಅಂಗಡಿಯ ಗಾಜು ನಡುಗಬೇಕು.
ನನಗೂ ಬೇಕು, ಸುಳ್ಳು ಯಾಕೆ.
ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವಳು,
ಹಳಿ ಬಿಟ್ಟು ಒಂದು ಗೇಣು ಆಚೆ ಹೋದವಳಲ್ಲ;
ಗಂಟೆ ಬಾರಿಸಿದ್ದಷ್ಟೇ ನನ್ನ ಅಬ್ಬರ.

ಪ್ಯಾಸ್ಕೋ ಕೇಳಿದ್ದು ಒಂದೇ ಮಾತು:
"ಎಲ್ಲೆಲ್ಲಿಗೆ ಹೋಗ್ತೀಯ?"

ಎಲ್ಲೆಲ್ಲಿಗೆ.
ಬ್ರೆಡ್ಡಿಗೆ. ಮೊಳೆ ಅಂಗಡಿಗೆ.
ಗುರುವಾರ ನೋರೀನಳನ್ನು ಕಿವಿ ಡಾಕ್ಟರ ಹತ್ತಿರ ಬಿಡಲು.
ಭಾನುವಾರ, ಮಳೆಯಿದ್ದರೂ, ಎಪ್ಪಲಾಕ್ ಕೆರೆಯವರೆಗೆ.
ಹೇಳುತ್ತ ಹೇಳುತ್ತ ನನ್ನ ಲೋಕ
ಅವನ ಅಂಗೈಯ ಗ್ರೀಸಿನ ಕಲೆಯಷ್ಟಾಯಿತು.

"ಅಬ್ಬರದ ಕ್ಯಾಮಿನಲ್ಲಿ
ಎರಡೂ ಕವಾಟ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ.
ಬರುವವರು ಹೊರಡುವವರು ಒಂದೇ ಹೊಸ್ತಿಲಲ್ಲಿ ಡಿಕ್ಕಿ.
ಓಡುವಾಗ ಸರಿ, ನಿಂತಲ್ಲಿ ಎಂಜಿನ್ನಿನ ಉಸಿರೆಳೆತ ಬಿದ್ದುಹೋಗುತ್ತೆ.
ನಿನ್ನ ವೈಪರು ಆಡೋದೇ ಆ ಉಸಿರಲ್ಲಿ, ಗೊತ್ತಲ್ಲ?"

ಗೊತ್ತಿರಲಿಲ್ಲ.
ಮೂರೇ ಗೇರು, ಒಂದೇ ಕಾರ್ಬುರೇಟರು,
ಬೇಸಿಗೆಯಲ್ಲಿ ಸುಮ್ಮನೆ ನಿಂತರೂ ಕುದಿಯುವ ಬ್ಲಾಕು;
ಇದಕ್ಕೆ ಆ ಕ್ಯಾಮ್ ಕಟ್ಟಿದರೆ
ಎತ್ತು ಏರಿಗೆ, ಕೋಣ ನೀರಿಗೆ.

ಆಮೇಲೆ ಅವನು ಸಾಣೆಯ ಯಂತ್ರ ತೋರಿಸಿದ.
ಹಳೆಯ ಕ್ಯಾಮನ್ನು ಎತ್ತರ ಮಾಡಲು
ತುದಿಗೆ ಏನನ್ನೂ ಕೂಡಿಸುವುದಿಲ್ಲವಂತೆ.
ಬುಡ ಅರೆಯುತ್ತಾರೆ.
ಬುಡ ತಗ್ಗಿದಷ್ಟೂ ತುದಿ ಎತ್ತರ,
ಉಳಿದ ಸಂದನ್ನು ಟ್ಯಾಪೆಟ್ಟಿನ ತಿರುಪು ತುಂಬಬೇಕು.
ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅದೇ ಹೇಳಿದ,
ಎರಡನೆಯ ಸಲ ಸ್ವಲ್ಪ ಸಿಡುಕಿ.

ಲೈಲ್ ಪೂರ್ತಿ ಅಂದ. ಪ್ಯಾಸ್ಕೋ ಅರ್ಧ ಸಾಕು ಅಂದ.
ನಾನು, ರವಿಕೆ ಬಟ್ಟೆ ಕೊಳ್ಳುವವಳ ಹಾಗೆ,
ಮುಕ್ಕಾಲು ಅಂದೆ.
ಮುದುಕ ಸೀಮೆಸುಣ್ಣದಲ್ಲಿ ಗೋಡೆಗೆ ಏನೋ ಗೀಚಿ
ಮೈಯಡ್ಡ ಹಿಡಿದು ನಿಂತ.
ರಸೀದಿಯಲ್ಲಿ ಇದ್ದದ್ದು ಇಷ್ಟು:
ಉಬ್ಬು ಹದಿನಾರು, ಸಾಣೆ, ನಗದು.

ಆರು ವಾರ ಕಳೆದು, ಭಾನುವಾರ, ಜಡಿಮಳೆ.
ಮೆಕೈವರ್ ರಸ್ತೆಯ ಕೆಂಪು ದೀಪಕ್ಕೆ ನಿಂತಿದ್ದೇವೆ.
ಲೈಲ್ ಕಿವಿ ಕೊಟ್ಟು ಕೂತಿದ್ದಾನೆ.
"ಹೊಲಿಗೆ ಯಂತ್ರ," ಅಂದ. "ದುಡ್ಡು ದಂಡ."
ನಾನೂ ಎಣಿಸುತ್ತಿದ್ದೇನೆ:
ಒಂಬತ್ತು ಬಡಿತ ಸರಾಗ,
ಹತ್ತನೆಯದು ಒಂಚೂರು ಎಡವಿ, ತಡೆದು, ಸಾವರಿಸಿಕೊಂಡು...
ಅರ್ಧದಲ್ಲಿ ಹೀಗೆ ಎಡವುತ್ತದೆಯೇ?
ಕೇಳಿದರೆ ಮುದುಕ ಬಾಯಿ ಬಿಡುವವನಲ್ಲ.

ವೈಪರು ಎಡಕ್ಕೆ ಹೋಯಿತು.
ಅಲ್ಲೇ ಒಂದು ಗಳಿಗೆ ನಿಂತಿತು,
ಬೀಗ ಹಾಕಿದೆನೋ ಇಲ್ಲವೋ ಎಂದು ನೆನಪಾದವರ ಹಾಗೆ.
ನಾನೂ ಉಸಿರು ಹಿಡಿದೆ.
ಬಂತು, ವಾಪಸ್ಸು ಬಂತು.

ಹಸಿರು.
ಏರಿನಲ್ಲಿ ಎರಡನೆಯ ಗೇರಿಗೆ ಕಾಲೊತ್ತಿದಾಗ
ಲೈಲ್ ಮಾತು ನಿಲ್ಲಿಸಿ
ಬಾಗಿಲ ಹಿಡಿ ಹಿಡಿದುಕೊಂಡ.