ಹೇರು

ದುಧನಿಯ ತೊಗರಿ ಗೋದಾಮಿನಾಗ
ನಮ್ಮ ನಾಟಕಕ್ಕ ಕತ್ತಲಾಗೂದು ಟಪ್ಪಂತ.
ಸ್ವಿಚ್ಚಿನ ಕತ್ತಲು. ಕಪಾಳಕ್ಕ ಹೊಡೆದಂಗ.
ನೀಲವ್ವ ಅಳೂದು ಇನ್ನೂ ಮುಗಿದಿರೂದಿಲ್ಲ,
ಮಂದಿ ಚಪ್ಪಲಿ ಹುಡುಕಾಕ ಸುರು ಮಾಡ್ತಾರ.

ಹಗಲೆಲ್ಲ ತೊಗರಿ ಹಸನ ಮಾಡಾಕಿ ಆಕಿ.
'ನನಗ ನಲವತ್ತು ಎಣಿಸೂತನಕ ಸಂಜಿ ಬೇಕು' ಅಂದ್ಲು.
'ಸಂಜಿ ಏನು ಸ್ವಿಚ್ಚು ಒತ್ತಿದ್ರ ಆಗ್ತದೇನು?'

ಹಮಾಲರು ದಿನದ ಕೂಲಿಯಾಗ ಹತ್ತು ಹತ್ತು ಹಿಡಿದು
ಒಂದು ಸುಗ್ಗಿ ಕೂಡಿಸಿದ್ದು ಹನ್ನೊಂದು ಸಾವಿರದ ನಾನೂರು.
ಅದನ್ನ ಒಳಗಿಸೆದಾಗ ಇಟ್ಕೊಂಡು
ನಾನೂ ಲಕ್ಕಪ್ಪನೂ ಸೊಲ್ಲಾಪುರದ ಪ್ಯಾಸೆಂಜರ್ ಹತ್ತಿದ್ವಿ.
ನಾನು ಮೋಟರ್ ಸುತ್ತಾಂವ, ತಾಮ್ರದ ವಾಸನಿ ಬಲ್ಲೆ.
ಲಕ್ಕಪ್ಪ ಹೇರು ಬಲ್ಲ.

ನವೀಪೇಠದ ಅಂಗಡಿ. ಮಾಲಕ ಗಡ್ಡಂ ನರಸಯ್ಯ,
ಮನ್ಯಾಗ ತೆಲುಗು, ಗಲ್ಲಾದ ಮ್ಯಾಲೆ ಮರಾಠಿ,
ನಮ್ಮ ಮುಖ ನೋಡಿ ಕನ್ನಡ.
'ಹೊಸಾ ಡಿಮ್ಮರ್ ನೋಡ್ರಿ, ನಾಕು ಚಾನಲ್, ಒಂಬತ್ತೂವರೆ.'
ಎತ್ತಿ ನೋಡಿದೆ. ಹಗುರ, ಹಪ್ಪಳದ ಡಬ್ಬಿಯಂಗ.
ಬೆನ್ನ ಮ್ಯಾಲೆ ಬರದದ: ಚಾನಲ್ಲಿಗೆ ಎರಡು ಸಾವಿರ ವ್ಯಾಟ್.
ಲಕ್ಕಪ್ಪ ನಕ್ಕ:
'ಚೀಲದ ಮ್ಯಾಲೆ ಐವತ್ತು ಕಿಲೋ ಅಂತ ಬರದಿರ್ತದ.
ಬೆನ್ನು ಓದಂಗಿಲ್ಲ ಅದನ್ನ.'
ಮುಚ್ಚಳ ಬಿಚ್ಚಿಸಿದೆ. ಹೆಬ್ಬೆರಳಿನಷ್ಟು ಚೋಕು,
ಬಿಸಿ ಹೊರಗ ಹಾಕೂ ತಗಡು ಬೀಡಿ ಎಲಿಯಷ್ಟು ತೆಳ್ಳಗ.
ಎರಡು ಸಾವಿರ ಹೇರಿದ್ರ ಎರಡನೇ ಅಂಕದಾಗ ಹೊಗಿ.

'ಎಲ್‌ಇಡಿ ತಗೊಳ್ರಿ, ಡಿಮ್ಮರೇ ಬ್ಯಾಡ' ಅಂದ ಅವನ ಮಗ.
ಹಚ್ಚಿದ. ನಿಧಾನ ಇಳಿಸಿದ.
ಬೆಳಕು ಮೆಟ್ಟಿಲು ಇಳಿದಂಗ ಇಳೀತು, ಒಂದೊಂದೇ,
ಕಡೀ ಮೆಟ್ಟಿಲ ಮ್ಯಾಗಿಂದ ಜಿಗೀತು.
ಅಲ್ಲದ ನಮ್ಮ ಹತ್ರ ಆರು ಹ್ಯಾಲೊಜನ್ ಅದಾವ,
ಮುಚ್ಚಿದ ಫೋಟೊ ಸ್ಟುಡಿಯೊದವರು ಬಿಟ್ಟು ಹೋದವು.
ಅವನ್ನ ಯಾರ ಮಕ್ಕಳಿಗೆ ಕೊಡೂದು?

ನನ್ನ ಮಾಸ್ತರ, ರಾಚಣ್ಣ, ಉಪ್ಪಿನ ನೀರಿನಾಗ ಸಂಜಿ ಮಾಡ್ತಿದ್ದ.
ಗಡಿಗಿ ತುಂಬ ನೀರು, ಹಿಡಿ ಉಪ್ಪು, ಎರಡು ತಗಡು.
ತಗಡು ಎತ್ತಿದಂಗ ಎತ್ತಿದಂಗ ಬೆಳಕು ಸಾಯೂದು,
ನೀರು ಕುದಿಯೂದು. ಒಂದು ಸಲ ಅವನ ಎಡಗೈ
ಮೂರು ದಿನ ಅವನದಾಗಿರಲಿಲ್ಲ.
ಅಗ್ಗ ಅಂದ್ರ ಅದು. ಅದಕ್ಕಿಂತ ಅಗ್ಗ ಯಾವುದೂ ಇಲ್ಲ.

ನರಸಯ್ಯ ಒಳಗಿಂದ ಇನ್ನೊಂದು ತಂದ,
ಎತ್ತಿಕೊಂಡಲ್ಲ, ಎಳಕೊಂಡು.
ಯಾವುದೋ ಆರ್ಕೆಸ್ಟ್ರಾ ಕಂಪನಿ ಮುರದು ಬಿದ್ದಾಗ ಬಂದದ್ದು.
ಆರು ಚಾನಲ್. ಒಂದು ಸತ್ತದ, ಒಂದು ಕೆಮ್ಮತದ.
ಮೂಗಿನ ಹತ್ರ ಒಯ್ದೆ: ಸುಟ್ಟ ವಾರ್ನಿಶ್ ವಾಸನಿ ಇಲ್ಲ.
ಒಂದೊಂದು ಚೋಕು ರೊಟ್ಟಿ ತಟ್ಟೂ ಮುದ್ದಿಯಷ್ಟು.
ಲಕ್ಕಪ್ಪ ತಲಿಮ್ಯಾಗ ಇಟ್ಕೊಂಡು ಕಣ್ಣು ಮುಚ್ಚಿ ನಿಂತ:
'ಇಪ್ಪತ್ತೆರಡು ಕಿಲೋ. ಇದು ಸುಳ್ಳು ಹೇಳೂದಿಲ್ಲ.'

ಎಂಟು ಸಾವಿರಕ್ಕ ಮಾತು ಮುಗೀತು.
ಉಳಿದದ್ದರಾಗ ದಪ್ಪ ವಾಯರು, ಎಂಸಿಬಿ, ಎರಡು ಚಹಾ.
ಗೋದಾಮಿಗಿರೂದು ಹದಿನೈದು ಆಂಪು;
ಆರೂ ದೀಪ ಒಮ್ಮೆಗೇ ಪೂರಾ ಹಚ್ಚಂಗಿಲ್ಲ.
ಅದು ಚೀಟಿಯಾಗ ಬರೀದ ಬೆಲಿ.

ಮೊದಲ್ನೇ ತಾಲೀಮು. ಡಬ್ಬಿ ಗುಂಯ್‌ಗುಟ್ಟಿತು,
ಅರ್ಧ ಬೆಳಕಿನಾಗ ಭಾಳ.
'ದುಂಬಿ ಸಾಕೀರೇನು' ಅಂದ್ರು ಹುಡುಗರು, ತಟ್ಟು ಹೊಚ್ಚಾಕ ಬಂದ್ರು.
ಬೈದು ಕಳಿಸಿ, ತೊಗರಿ ಥಪ್ಪಿಯ ಹಿಂದ ಸರಿಸಿದೆ,
ಗಾಳಿ ಆಡಾಕ ಒಂದು ಮೊಳ ಬಿಟ್ಟು.
ಇನ್ನೂ ಕೇಳಿಸ್ತದ, ಕೇಳಾವರಿಗೆ.

ಆಮ್ಯಾಲೆ ನೀಲವ್ವ ಕುಂತ್ಲು. ನಾನು ಹಿಡಿಕಿ ಇಳಿಸಿದೆ.
ಹದಿನೇಳು, ಹದಿನೆಂಟು. ಸೀರಿ ಬಣ್ಣ ಮೊದಲು ಹೋತು,
ಆಮ್ಯಾಲೆ ಕೈ, ಆಮ್ಯಾಲೆ ಮುಖ.
ಮೂವತ್ತಾರಕ್ಕ ಬರೀ ಮೂಗುತಿ.
ನಲವತ್ತು.

ಪೂರಾ ಆರಿಸಲಿಲ್ಲ. ತಣ್ಣಗಾದ ತಂತಿ
ಒಮ್ಮೆಲೆ ಬೆಳಗಿದ್ರ ಹರೀತದ,
ಅದಕ್ಕ ಒಂದು ಕೂದಲೆಳಿಯಷ್ಟು ಕೆಂಪು ಒಳಗ ಉಳಿಸಿದೆ.
ಮಂದಿಗೆ ಕತ್ತಲು.
ನೀಲವ್ವ ಮಾತ್ರ ಅದನ್ನ ನೋಡ್ಕೋತ
ಕಾಲಿಗೆ ಏನೂ ತಾಗಿಸಿಕೊಳ್ಳದ
ಎದ್ದು ಹೋದ್ಲು.