ನಾಲ್ಕನೇ ವಾಲ್ವು

ಆನೇಕಲ್ ಬಸ್‌ಸ್ಟ್ಯಾಂಡಿನ ಆಟೋದವರು
'ವಾಪಸ್ ಖಾಲಿ ಬರ್ಬೇಕಲ್ಲಕ್ಕಾ' ಎಂದು ರಾಗ ಎಳೆಯುವಷ್ಟು ದೂರ
ನಮ್ಮ ಸೊಣ್ಣಪ್ಪನ ದಿಣ್ಣೆ.
ಅರವತ್ತೆರಡು ಮನೆ, ಒಂದು ಬೋರು,
ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುವ ಎರಡೆಕರೆ ಗುಲಾಬಿ,
ಕಾಂಪೌಂಡು ಮಾತ್ರ ಎದ್ದು ನಿಂತ ಲೇಔಟು.
ಅದರೊಳಗೆ ಹುರುಳಿ ಚೆಲ್ಲಿದ್ದಾನೆ ಬಚ್ಚಪ್ಪ,
ಕೊಂಡವರು ಬರೋತನಕ ನೆಲ ಸುಮ್ನೆ ಯಾಕಿರ್ಬೇಕು ಅಂತ.

ಕಂದಾಯ ಪೇಟೆಯದು, ಕರೆಂಟು ಹಳ್ಳಿಯದು,
ನಾಯಿಗಳು ಎರಡಕ್ಕೂ ಸೇರಿದವು.

ನೀರು ಮಾತ್ರ ಅಕ್ಕಯ್ಯಮ್ಮನದು.
ಅವಳಪ್ಪ ಕೆರೆಯ ನೀರುಗಂಟಿ. ತೂಬಿನ ಮೇಲೆ ಕೂತು
ಯಾರ ಗದ್ದೆಗೆ ಎಷ್ಟು ಹೊತ್ತೆಂದು ನೆರಳು ನೋಡಿ ಹೇಳುತ್ತಿದ್ದನಂತೆ.
ಕೆರೆ ಈಗ ಜೊಂಡು, ಅದರಾಚೆ ಗೋಡೌನು.
ಮಗಳಿಗೆ ಉಳಿದದ್ದು ಸೊಂಟದುದ್ದದ ಕಬ್ಬಿಣದ ಕೀಲಿ,
ಮಣ್ಣೊಳಗಿನ ನಾಲ್ಕು ವಾಲ್ವು,
ಬಂದರೆ ಬಂತು ಅನ್ನುವ ಸಂಬಳ.

ಕೆಳಗಿನ ಬೀದಿಗೆ ಬೆಳಿಗ್ಗೆ ಆರಕ್ಕೆ,
ರೇಷ್ಮೆ ಬಿಚ್ಚುವ ಶಫೀವುಲ್ಲಾ ಅವರ ಸಾಲಿಗೆ ಏಳಕ್ಕೆ,
ಮಾರಮ್ಮನ ಕಟ್ಟೆಗೆ ಎಂಟಕ್ಕೆ.
ನೆತ್ತಿಯ ಮೇಲಿನ ಹನ್ನೊಂದು ತಗಡಿನ ಶೆಡ್ಡಿಗೆ,
ಸಿಂಧನೂರಿನಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವರಿಗೆ,
ಎಷ್ಟಕ್ಕೆ ಎಂದು ನಾವ್ಯಾರೂ ಕೇಳಿರಲಿಲ್ಲ.
ಅವರೂ ಜಗಳಕ್ಕೆ ಬಂದಿರಲಿಲ್ಲ.
ಸಿಗುತ್ತಿದೆ ಅಂದುಕೊಂಡಿದ್ದೆವು.
ಅಂದುಕೊಳ್ಳಲು ಏನು ಖರ್ಚು.

ಕಾರ್ತಿಕದಲ್ಲಿ ಅಕ್ಕಯ್ಯಮ್ಮನ ಹೊಟ್ಟೆ ಆಪರೇಷನ್ನು.
ಕೀಲಿಯನ್ನು ನನ್ನ ಹೊಲಿಗೆ ಮಿಶಿನ್ನಿಗೆ ಒರಗಿಸಿ
'ನಿಂಗೆ ಹೆಂಗೂ ನಿದ್ದೆ ಬರಲ್ಲ' ಅಂದಳು.
ಬೆರಳು ಮಡಿಸಿದಳು: ಆರು, ಏಳು, ಎಂಟು. ಆಮೇಲೆ ಎರಡೂವರೆ.
'ಮಧ್ಯಾಹ್ನವಾ?'
ನಕ್ಕಳು, ಹೊಲಿಗೆ ಬಿದ್ದ ಮೇಲೆ ನಗಲಾಗದೆಂದು
ಆಗಲೇ ಎಲ್ಲ ನಕ್ಕು ಮುಗಿಸುವವಳಂತೆ.

ಟಾರ್ಚು ಕಂಕುಳಲ್ಲಿ, ಕೀಲಿ ಹೆಗಲಲ್ಲಿ,
ಕಳ್ಳಿಯಂತೆ ಹೋದೆ. ನಾಲ್ಕನೇ ವಾಲ್ವು
ಗುಲಾಬಿ ತೋಟದ ಮೂಲೆಯಲ್ಲಿ, ಚಪ್ಪಡಿಯ ಕೆಳಗೆ.
ತಿರುಗಿಸಿದೆ. ಮೊದಲು ಬರೀ ಗಾಳಿ,
ಪೈಪಿನೊಳಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ.
ಆಮೇಲೆ ಮೇಲುಗಡೆ, ತುಂಬಾ ಮೇಲೆ,
ಪ್ಲಾಸ್ಟಿಕ್ ಬಿಂದಿಗೆಯ ತಳಕ್ಕೆ ನೀರು ಬಿದ್ದ ಸದ್ದು.

ಕೆಳಗೆ ಐವತ್ತೊಂದು ನಲ್ಲಿ ಕಟ್ಟಿ ಮಲಗಿದರೆ ಮಾತ್ರ
ದಿಣ್ಣೆ ಹತ್ತುವ ದಮ್ಮು ನೀರಿಗೆ.
ನಾನು ಹಲ್ಲುಜ್ಜುತ್ತ ಹರಿಯಬಿಟ್ಟದ್ದು
ಅಲ್ಲಿ ಒಬ್ಬರ ಕೊಡ.

ಹತ್ತಿ ನೋಡಿದೆ. ದೀಪವಿಲ್ಲ, ಮಾತಿಲ್ಲ.
ಹನ್ನೊಂದು ಮನೆಯೂ ಎದ್ದು ಸಾಲು ನಿಂತಿದೆ.
ಒಂದು ಮಗು ತಾಯ ಕಾಲಿಗೆ ಅಂಟಿ
ನಿಂತಲ್ಲೇ ತೂಕಡಿಸುತ್ತಿದೆ.
ನನ್ನ ಹತ್ತಿರವೇ ರವಿಕೆ ಹೊಲಿಸಿದ್ದ ಶಿವಲೀಲಾ
(ತೋಳಿನ ಸುತ್ತಳತೆ ಗೊತ್ತಿತ್ತು ನನಗೆ, ಬೆನ್ನಿನ ಉದ್ದ ಗೊತ್ತಿತ್ತು)
'ಅಕ್ಕಾರು ಹ್ಯಾಂಗದಾರ್ರಿ?' ಎಂದಳು ಪಿಸುದನಿಯಲ್ಲಿ,
ಕೆಳಗೆ ನಮ್ಮ ನಿದ್ದೆ ಕೆಡಬಾರದೆಂಬಂತೆ.

ಒಂಬತ್ತು ರಾತ್ರಿ ತಿರುಗಿಸಿದೆ.
ಹತ್ತನೆಯ ರಾತ್ರಿ, ಎಂದೂ ಬಾರದ್ದು, ನಿದ್ದೆ ಬಂದುಬಿಟ್ಟಿತು.
ಬೆಳಿಗ್ಗೆ ಯಾರೂ ಇಳಿದು ಬಂದು ಕೇಳಲಿಲ್ಲ.
ಕೇಳಿದ್ದರೆ ಚೆನ್ನಾಗಿತ್ತು.

ಅಕ್ಕಯ್ಯಮ್ಮ ಬಂದಳು, ಹೊಟ್ಟೆಗೆ ಬೆಲ್ಟು ಬಿಗಿದು.
ಕೀಲಿಯ ತುದಿ ಮುಟ್ಟಿ ಗ್ರೀಸು ಮೂಸಿ ನೋಡಿದಳು.
'ಎಷ್ಟು ದಿನ ತಪ್ಪಿಸ್ದೆ?'
ಒಂದು, ಅಂದೆ.
'ನಾನು ಮೊದಲನೇ ವರ್ಷ ಪೂರ್ತಿ ತಪ್ಪಿಸಿದ್ದೆ' ಅಂದು
ಎಲೆಗೆ ಹಚ್ಚಲು ಸುಣ್ಣ ಕೇಳಿದಳು.