ಬಿಳಿಗೆ ಎಷ್ಟು ನೀಲಿ

ಏಳನೇ ಕೋಣೆ. ನನ್ನ ಸ್ಟೂಲು ಬಾಗಿಲ ಬಲಕ್ಕೆ.
ಗೋಡೆಯ ಮೇಲೆ ಪರದೇಶದ ಹನ್ನೊಂದು ಚಿತ್ರ,
ಗೋಡೆಯೊಳಗೆ ಮುಂಬಯಿಯ ಜುಲೈ.
ಗಂಟೆಗೊಮ್ಮೆ ಎದ್ದು ತೇವದ ಮುಳ್ಳು ನೋಡಿ
ವಹಿಯಲ್ಲಿ ಬರೆಯುತ್ತೇನೆ:
ಐವತ್ತೆರಡು. ಐವತ್ತೆರಡು. ಐವತ್ತಮೂರು.
ಹೊರಗೆ ಕಾಲಾ ಘೋಡಾದಲ್ಲಿ ಎಷ್ಟೋ,
ಅದಕ್ಕೆ ಕಾಲಂ ಇಲ್ಲ.

ಪೆಟ್ಟಿಗೆಗಳು ಬಂದ ದಿನ ಫ್ರೇನಿಬಾಯಿ ಅಂದರು:
ನಾಳೆಯವರೆಗೆ ತೆರೆಯಬೇಡಿ,
ಈ ಊರ ಹವೆ ಅವಕ್ಕೆ ಒಗ್ಗಲಿ.
ಗಾವಡೆ ನಕ್ಕ. ನಮಗೆ ಯಾರು ಕೊಟ್ಟರು ಒಂದು ದಿನ?
ಅಕ್ಕಲಕೋಟೆಯ ಗಾಡಿ ಇಳಿದ ರಾತ್ರಿಯೇ
ಲಾಲ್‌ಬಾಗಿನ ಗಿರಣಿಯಲ್ಲಿ ನನ್ನ ಕೈಗೆ ಬಕೆಟು.

ಹನ್ನೆರಡು ವರ್ಷ ಬಣ್ಣದ ಖಾತೆ.
ಧೋತರದ ಬಿಳಿ ನನ್ನ ಪಾಲಿಗೆ.
ಮುಕಾದಮ ಯಲ್ಲೋಜಿ ಹೇಳುತ್ತಿದ್ದ:
ಬರೀ ತೊಳೆದದ್ದು ಹಳದಿ, ಮುದುಕನ ಹಲ್ಲಿನ ಹಾಗೆ.
ಕಣ್ಣಿಗೆ ಬೆಳ್ಳಗಾಗಬೇಕಾದರೆ ನೀಲಿ ಬೇಕು.
ಎಷ್ಟು?
ಕಂಡರೆ ಹೆಚ್ಚಾಯಿತು.
ಕಾಣದಿದ್ದರೆ, ಅಷ್ಟೇ.

ಮೂರನೇ ಚಿತ್ರ: ಹಿಮ ಬಿದ್ದ ಹಾದಿ,
ಒಂದು ಕೈಗಾಡಿ, ತಲೆ ತಗ್ಗಿಸಿ ನಡೆವ ಒಬ್ಬಳು.
ಹಿಮ ನಾನು ಕಂಡಿಲ್ಲ. ಬರ್ಫ್ ಕಂಡಿದ್ದೇನೆ,
ಸಸೂನ್ ಡಾಕಿನಲ್ಲಿ, ಮರದ ಹೊಟ್ಟು ಮೆತ್ತಿಕೊಂಡು
ಮೀನು ನಾರುವಂಥದು.
ಜನ ಬರುತ್ತಾರೆ, ಎಷ್ಟು ಬೆಳ್ಳಗಿದೆ ಅನ್ನುತ್ತಾರೆ,
ಫೋಟೋ ಹಿಡಿದು ಮುಂದಿನ ಕೋಣೆಗೆ.

ಮಧ್ಯಾಹ್ನ ಎರಡಕ್ಕೆ, ಯಾರೂ ಇಲ್ಲದಾಗ,
ಹಗ್ಗದ ಈಚೆಯಿಂದಲೇ ಬಗ್ಗಿ ಹುಡುಕಿದೆ.
ಬಿಳಿ ಎಲ್ಲೂ ಇಲ್ಲ.
ಗಾಡಿಯ ನೆರಳಲ್ಲಿ ನೇರಳೆ, ಬೇಲಿಯ ಅಂಚಿಗೆ ಗುಲಾಬಿ,
ಅವಳ ಹೆಜ್ಜೆಯ ಗುಂಡಿಗಳಲ್ಲಿ ನೀಲಿ, ಮತ್ತೆ ನೀಲಿ,
ಒಂದು ಕಡೆ ಕುಂಚದ ಕೂದಲೇ ಅಂಟಿ ಉಳಿದಿದೆ.
ನಾಲ್ಕು ಹೆಜ್ಜೆ ಹಿಂದೆ ಸರಿದೆ.
ಚಳಿ ಹಿಡಿಯಿತು.

ಒಂದೇ ಒಂದು ಜಾಗ, ಬಲಕ್ಕೆ, ಕೆಳಗೆ, ಸಹಿಯ ಹತ್ತಿರ,
ಅವನ ಕೈ ತಪ್ಪಿದೆ. ಕಾಣುತ್ತದೆ.
ಯಲ್ಲೋಜಿಯಾಗಿದ್ದರೆ ಥಾನೇ ವಾಪಸು.

ಗಿರಣಿಗೆ ಬೀಗ ಬಿದ್ದು ಮೂರನೇ ವರ್ಷ ಅವನು ಸತ್ತ.
ನಾಕಾದ ಅಂಗಡಿಯಿಂದ ತಂದು ಹೊದಿಸಿದ ಬಟ್ಟೆ
ಹಳದಿ ಹೊಡೆಯುತ್ತಿತ್ತು.
ಹೊತ್ತವರಲ್ಲಿ ನಾಲ್ವರೂ ಬಣ್ಣದ ಖಾತೆಯವರು.
ಯಾರೂ ಮಾತಾಡಲಿಲ್ಲ.

ಏನು ನೋಡ್ತಾ ಇದ್ದಿ ರೇವಣ, ಎಂದರು ಫ್ರೇನಿಬಾಯಿ.
ತೇವ ಸರಿ ಇದೆ ಬಾಯಿ, ಐವತ್ತೆರಡು.
ಅವರು ಹೋದ ಮೇಲೆ ವಹಿ ತೆರೆದು,
ಇಷ್ಟು ದಿನ ಖಾಲಿ ಬಿಟ್ಟ ಷರಾದ ಕಾಲಮ್ಮಿನಲ್ಲಿ
ಇಲ್ಲಿ ಯಾರೂ ಓದದ ಕನ್ನಡದಲ್ಲಿ ಬರೆದೆ:
ಮೂರನೇ ಚಿತ್ರ. ನೀಲಿ ಒಂದು ಚಿಟಿಕೆ ಹೆಚ್ಚು.
ಉಳಿದದ್ದು ಪಾಸು.